ಕಿರುದ್ವೀಪದ ಅಂಚಿನಲ್ಲಿ ಕಂಡ ಬಿಳಿ ರಕ್ತಕಣಗಳು



ಸಕ್ಕರೆ ಕಾಯಿಲೆಯನ್ನು ನಮ್ಮ ಜನಕ್ಕೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗಿನ ತಿಂಡಿಗೆ ಮೊದಲು ಮಾತ್ರೆ ನುಂಗುವವರು ಮನೆಗೊಬ್ಬರು ಎನ್ನುವಷ್ಟು ಇದ್ದಾರೆ. ಆ ಪರಿಚಯವೇ ಇವತ್ತು ನಾನು ಹೇಳಹೊರಟಿರುವ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಅಡ್ಡಿಯಾಗಿದೆ. ಆರು ವರ್ಷದ ಮಗುವಿಗೆ ಶುಗರ್ ಬಂದಿದೆ ಅಂದ ಕೂಡಲೇ ನೆಂಟರಿಷ್ಟರೆಲ್ಲ ತಾಯಿಯ ಮುಖ ನೋಡುತ್ತಾರೆ. ಸಿಹಿ ಜಾಸ್ತಿ ಕೊಟ್ಟೆಯಾ, ಚಾಕೊಲೇಟು ಅಭ್ಯಾಸ ಮಾಡಿಸಿದೆಯಾ, ಬಸುರಿಯಾಗಿದ್ದಾಗ ಏನು ತಿಂದೆ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ಆ ತಾಯಿ ಮಗುವಿಗೆ ಇಂಜೆಕ್ಷನ್ ಚುಚ್ಚುವುದನ್ನು ಕಲಿಯುವ ಹೊತ್ತಿನಲ್ಲೇ ಈ ಅಪವಾದವನ್ನೂ ಹೊತ್ತುಕೊಳ್ಳಬೇಕಾಗುತ್ತದೆ. ಇದು ಅನ್ಯಾಯ, ಮತ್ತು ವಿಜ್ಞಾನದ ಮಟ್ಟಿಗೆ ಶುದ್ಧ ಸುಳ್ಳು. ಟೈಪ್ ಒನ್ ಮಧುಮೇಹದಲ್ಲಿ ಇನ್ಸುಲಿನ್ ನಿಂತುಹೋಗುವುದು ತಿಂದ ಸಿಹಿಯಿಂದಲ್ಲ. ಅದನ್ನು ತಯಾರಿಸುವ ಕೋಶಗಳನ್ನು ಆ ಮಗುವಿನದೇ ರಕ್ತದಲ್ಲಿರುವ ಒಂದು ಬಗೆಯ ಬಿಳಿ ರಕ್ತಕಣಗಳು ಕೊಂದಿರುತ್ತವೆ. ಅವುಗಳ ಹೆಸರು ಟಿ ಲಿಂಫೋಸೈಟ್. ಚಿಕ್ಕದಾಗಿ ಟಿ ಕೋಶ ಅನ್ನೋಣ. ಈ ಸಂಗತಿ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಚಿಕಿತ್ಸೆ ಯಾವ ಕಡೆಗೆ ತಿರುಗಿತು ಎನ್ನುವುದೇ ನನ್ನ ಇವತ್ತಿನ ವಿಷಯ.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯ ಬಹುಪಾಲು ಇರುವುದು ಜೀರ್ಣರಸ ತಯಾರಿಸುವುದಕ್ಕೆ. ಆ ರಾಶಿಯ ನಡುವೆ ಅಲ್ಲಲ್ಲಿ ಬೇರೆಯೇ ರೀತಿಯ ಕೋಶಗಳ ಸಣ್ಣ ಗುಂಪುಗಳಿರುವುದನ್ನು 1869ರಲ್ಲಿ ಬರ್ಲಿನ್‌ನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ತನ್ನ ಪ್ರಬಂಧದಲ್ಲಿ ವಿವರಿಸಿದ. ಇವೇ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು. ವಯಸ್ಕರ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಕಿರುದ್ವೀಪಗಳಿದ್ದರೂ ಎಲ್ಲವನ್ನೂ ಕೂಡಿಸಿದರೆ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಒಂದೊಂದರಲ್ಲೂ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಿವೆ, ಗ್ಲೂಕಗಾನ್ ಸ್ರವಿಸುವ ಆಲ್ಫಾ ಕೋಶಗಳಿವೆ, ಇನ್ನೂ ಒಂದೆರಡು ಬಗೆಯವಿವೆ. ಟೈಪ್ ಒನ್ ಮಧುಮೇಹದಲ್ಲಿ ಸಾಯುವುದು ಬೀಟಾ ಕೋಶ ಮಾತ್ರ. ಅದಕ್ಕೆ ಮೈತಾಗಿಸಿಕೊಂಡು ಕೂತ ಆಲ್ಫಾ ಕೋಶಕ್ಕೆ ಏನೂ ಆಗುವುದಿಲ್ಲ. ಇಷ್ಟು ಕರಾರುವಾಕ್ಕಾಗಿ ಒಂದನ್ನು ಬಿಟ್ಟು ಒಂದನ್ನು ಆರಿಸಿ ಕೊಲ್ಲುವ ಶಕ್ತಿ ಹೆಚ್ಚಿನ ವಿಷಗಳಿಗೆ ಇರುವುದಿಲ್ಲ. ಟಿ ಕೋಶಕ್ಕೆ ಅದೇ ಸಹಜ ಕಸುಬು.

1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಕೊಟ್ಟ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಸೊರಗಿ ಸೊರಗಿ ಸಾಯುತ್ತಿದ್ದರು, ಆಮೇಲೆ ಬದುಕತೊಡಗಿದರು. ಇಪ್ಪತ್ತನೆಯ ಶತಮಾನದ ವೈದ್ಯಕೀಯದಲ್ಲಿ ಇದಕ್ಕಿಂತ ದೊಡ್ಡ ಉಪಕಾರಗಳು ಹೆಚ್ಚಿಲ್ಲ. ಆದರೆ ಇನ್ಸುಲಿನ್ ಸಿಕ್ಕ ಸಂಭ್ರಮದಲ್ಲಿ ಬೀಟಾ ಕೋಶಗಳು ಮೊದಲು ಸತ್ತದ್ದಾದರೂ ಏಕೆ ಎಂಬ ಪ್ರಶ್ನೆ ಹಿಂದಕ್ಕೆ ಸರಿಯಿತು ಎಂದು ನನಗೆ ಅನ್ನಿಸುತ್ತದೆ. ಇಂಥ ಮಕ್ಕಳ ಕಿರುದ್ವೀಪಗಳ ಸುತ್ತ ಸಣ್ಣ ಸಣ್ಣ ದುಂಡು ಕೋಶಗಳು ಮುತ್ತಿಕೊಂಡಿರುವುದನ್ನು ಕೆಲವು ರೋಗಶಾಸ್ತ್ರಜ್ಞರು ಇನ್ಸುಲಿನ್‌ಗೆ ಮೊದಲೇ ಕಂಡಿದ್ದರು. 1940ರಲ್ಲಿ ಸ್ವಿಸ್ ರೋಗಶಾಸ್ತ್ರಜ್ಞ ಹಾನ್ಸ್ ಫಾನ್ ಮೈಯೆನ್‌ಬರ್ಗ್ ಅದಕ್ಕೆ ಇನ್ಸುಲೈಟಿಸ್ ಎಂಬ ಹೆಸರನ್ನೂ ಕೊಟ್ಟ. ಆದರೂ ಅದು ಅಪರೂಪದ ವಿಚಿತ್ರವೆಂದೇ ಉಳಿಯಿತು. ಮಕ್ಕಳು ಕಾಯಿಲೆಯ ಆರಂಭದಲ್ಲೇ ಸಾಯುವುದು ನಿಂತಿತ್ತು, ನೋಡಲು ಆ ಹಂತದ ಗ್ರಂಥಿಯೇ ಸಿಗುತ್ತಿರಲಿಲ್ಲ. ಹಲವು ವರ್ಷ ಕಾಯಿಲೆ ಅನುಭವಿಸಿದವರ ಗ್ರಂಥಿಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಈ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದವನು ಬ್ರಸೆಲ್ಸ್‌ನ ವಿಲ್ಲಿ ಗೆಪ್ಟ್ಸ್. ಚಿಕ್ಕ ವಯಸ್ಸಿನಲ್ಲಿ ಮಧುಮೇಹ ಕಾಣಿಸಿಕೊಂಡು ಕೆಲವೇ ತಿಂಗಳಲ್ಲಿ ತೀರಿಕೊಂಡ 22 ಮಂದಿಯ ಗ್ರಂಥಿಗಳನ್ನು ಆತ ಪರೀಕ್ಷಿಸಿದ. 1965ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 15 ಮಂದಿಯ ಕಿರುದ್ವೀಪಗಳಲ್ಲಿ ಇನ್ಸುಲೈಟಿಸ್ ಕಂಡಿತ್ತು. ಬೀಟಾ ಕೋಶಗಳು ಮಾಮೂಲಿನ ಹತ್ತನೇ ಒಂದು ಪಾಲಿಗಿಂತಲೂ ಕೆಳಗೆ ಇಳಿದುಹೋಗಿದ್ದವು. ಎಂದರೆ, ಸರಿಯಾದ ಹೊತ್ತಿನಲ್ಲಿ ನೋಡಿದರೆ ಇದು ಅಪರೂಪವೇ ಅಲ್ಲ.

ಇಂಥ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಗಾಜಿನ ತುಣುಕಿನ ಮೇಲೆ ಕಾಣುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ತೆಳ್ಳಗೆ ಸೀಳಿ ಬಣ್ಣ ಹಾಕಿದ ಗ್ರಂಥಿಯ ತುಂಡಿನಲ್ಲಿ ಜೀರ್ಣರಸದ ಕೋಶಗಳು ಗಾಢ ಬಣ್ಣ ಹಿಡಿದು ಒತ್ತೊತ್ತಾಗಿ ಕೂತಿರುತ್ತವೆ. ನಡುವೆ ತೆಳು ಬಣ್ಣದ ದುಂಡನೆಯ ಜಾಗವೇ ಕಿರುದ್ವೀಪ. ಅದರ ಒಂದು ಪಕ್ಕದಲ್ಲಿ, ಹೆಚ್ಚಾಗಿ ಅಂಚಿನಲ್ಲೇ, ಕಡುನೀಲಿ ಚುಕ್ಕಿಗಳು ಗುಂಪುಗೂಡಿರುತ್ತವೆ. ಅವು ಲಿಂಫೋಸೈಟ್‌ಗಳು. ಸಾವಿರಗಟ್ಟಲೆ ಇರುತ್ತವೆ ಎಂದು ಎಣಿಸಬೇಡಿ. ಒಂದು ಕಿರುದ್ವೀಪದಲ್ಲಿ ಹದಿನೈದು ಇದ್ದರೆ, ಅಂಥ ಮೂರು ಕಿರುದ್ವೀಪ ಸಿಕ್ಕರೆ, ಅದನ್ನು ಇನ್ಸುಲೈಟಿಸ್ ಎನ್ನಬಹುದೆಂದು ತಜ್ಞರು 2013ರಲ್ಲಿ ಒಪ್ಪಿಕೊಂಡರು. ಮಗ್ಗುಲಿನ ಕಿರುದ್ವೀಪವನ್ನು ನೋಡಿದರೆ ಅಲ್ಲಿ ಒಂದು ಲಿಂಫೋಸೈಟೂ ಇಲ್ಲ, ಬೀಟಾ ಕೋಶಗಳು ಆರೋಗ್ಯವಾಗಿವೆ. ಇನ್ನೂ ಆಚೆಯದರಲ್ಲಿ ಬೀಟಾ ಕೋಶ ಒಂದೂ ಉಳಿದಿಲ್ಲ, ಆಲ್ಫಾ ಕೋಶಗಳು ಮಾತ್ರ ಇವೆ. ಅಲ್ಲೂ ಲಿಂಫೋಸೈಟ್ ಇಲ್ಲ, ಕೆಲಸ ಮುಗಿಸಿ ಹೊರಟುಹೋಗಿವೆ. ಕಾಯಿಲೆಯ ಹಿಂದು, ಇಂದು, ಮುಂದು ಮೂರೂ ಒಂದೇ ಗಾಜಿನ ಮೇಲೆ ಅಕ್ಕಪಕ್ಕ ಇರುತ್ತವೆ. ಬೀಟಾ ಕೋಶವಿದ್ದಲ್ಲಿ ಬರುವುದು, ಅದು ಮುಗಿದಾಗ ಹೋಗುವುದು ಎಂಬ ಈ ಕ್ರಮವನ್ನು ಕಣ್ಣಾರೆ ನೋಡಿದವರಿಗೆ ಈ ಚುಕ್ಕಿಗಳು ಬರೀ ಪ್ರೇಕ್ಷಕರೆಂದು ನಂಬುವುದು ಕಷ್ಟ.

ನಂಬಿಕೆ ಬೇರೆ, ಪುರಾವೆ ಬೇರೆ. ಸತ್ತ ಕೋಶಗಳನ್ನು ಗುಡಿಸಿ ತೆಗೆಯಲು ಬಂದವೂ ಇವಾಗಿರಬಹುದಲ್ಲ? 1974ರಲ್ಲಿ ಲಂಡನ್ನಿನಲ್ಲಿ ಜಾನ್ ಫ್ರಾಂಕೊ ಬೊಟ್ಟಾಜೊ, ಡೆಬೊರಾ ಡೋನಿಯಾಕ್ ಮತ್ತು ಅವರ ಸಂಗಡಿಗರು ಕೆಲವು ರೋಗಿಗಳ ರಕ್ತದಲ್ಲಿ ಕಿರುದ್ವೀಪಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತೋರಿಸಿದರು. ಪ್ರತಿಕಾಯಗಳನ್ನು ತಯಾರಿಸುವುದು ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಬಿ ಕೋಶ. ಆಗ ಪ್ರತಿಕಾಯಗಳೇ ಅಪರಾಧಿಗಳಿರಬೇಕೆಂಬ ಊಹೆ ಬಲವಾಯಿತು. ಇವತ್ತು ನಾಲ್ಕು ಮುಖ್ಯ ಪ್ರತಿಕಾಯಗಳನ್ನು ಗುರುತಿಸಿದ್ದೇವೆ. ಒಂದು ಇನ್ಸುಲಿನ್‌ನ ಮೇಲೆಯೇ ಹುಟ್ಟುವಂಥದು, ಉಳಿದವು ಜಿಎಡಿ, ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್-8 ಎಂಬ ಬೀಟಾ ಕೋಶದ ಪ್ರೋಟೀನುಗಳ ಮೇಲೆ ಹುಟ್ಟುವಂಥವು. ಕಾಯಿಲೆಯನ್ನು ಪತ್ತೆ ಹಚ್ಚಲು ಇವಕ್ಕಿಂತ ಒಳ್ಳೆಯ ಸಾಧನ ನಮ್ಮಲ್ಲಿಲ್ಲ. ಆದರೆ ಇವು ಕೊಲ್ಲುತ್ತವೆಯೇ?

ಉತ್ತರ ಮೂರು ಕಡೆಯಿಂದ ಬಂತು. ಮೊದಲನೆಯದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ, ಮನುಷ್ಯರಲ್ಲಿ ನಡೆದ ಇಷ್ಟು ಸ್ಪಷ್ಟವಾದ ಪ್ರಯೋಗ ಅಪರೂಪ. 1980ರ ದಶಕದ ಮೊದಲಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ಡೇವಿಡ್ ಸದರ್ಲೆಂಡ್ ಮತ್ತು ತಂಡದವರು ತದ್ರೂಪಿ ಅವಳಿಗಳ ನಡುವೆ ಗ್ರಂಥಿಯ ಕಸಿ ಮಾಡಿದರು. ಅವಳಿಗಳಲ್ಲಿ ಒಬ್ಬರಿಗೆ ವರ್ಷಗಟ್ಟಲೆಯಿಂದ ಟೈಪ್ ಒನ್ ಮಧುಮೇಹ, ಇನ್ನೊಬ್ಬರು ಆರೋಗ್ಯವಂತರು. ಆರೋಗ್ಯವಂತರ ಮೇದೋಜೀರಕದ ಬಾಲದ ಭಾಗವನ್ನು ರೋಗಿಗೆ ಜೋಡಿಸಿದರು. ಇಬ್ಬರ ಅಂಗಾಂಶವೂ ಒಂದೇ ಆದ್ದರಿಂದ ದೇಹ ಅದನ್ನು ತಿರಸ್ಕರಿಸುವ ಭಯವಿಲ್ಲ, ಹಾಗಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡಲಿಲ್ಲ. ಕಸಿಯಾದ ತುಂಡು ಚೆನ್ನಾಗಿ ಕೆಲಸ ಮಾಡಿತು, ಇನ್ಸುಲಿನ್ ಚುಚ್ಚುವುದು ನಿಂತಿತು. ಕೆಲವೇ ವಾರಗಳಲ್ಲಿ ರಕ್ತದ ಸಕ್ಕರೆ ಮತ್ತೆ ಏರಿತು. ಆ ತುಂಡಿನ ಬಯಾಪ್ಸಿ ಮಾಡಿ ನೋಡಿದರೆ ಜೀರ್ಣರಸದ ಕೋಶಗಳಿಗೆ ಏನೂ ಆಗಿಲ್ಲ, ಆಲ್ಫಾ ಕೋಶಗಳು ಹಾಗೆಯೇ ಇವೆ, ಬೀಟಾ ಕೋಶಗಳು ಮಾತ್ರ ಹೋಗಿವೆ. ಕಿರುದ್ವೀಪಗಳ ಸುತ್ತ ಟಿ ಕೋಶಗಳು, ಅದರಲ್ಲೂ ಸಿಡಿ8 ಎಂಬ ಗುರುತುಳ್ಳವು. ವರ್ಷಗಟ್ಟಲೆ ಬೀಟಾ ಕೋಶವನ್ನೇ ಕಾಣದಿದ್ದ ದೇಹದಲ್ಲಿ ಆ ಟಿ ಕೋಶಗಳ ನೆನಪು ಅಳಿದಿರಲಿಲ್ಲ. ಮುಂದಿನ ಅವಳಿ ಕಸಿಗಳಲ್ಲಿ ಟಿ ಕೋಶಗಳನ್ನು ತಡೆಯುವ ಔಷಧ ಕೊಟ್ಟಾಗ ಕಸಿ ಉಳಿದುಕೊಂಡಿತು.

ಎರಡನೆಯದು ಅಸ್ಥಿಮಜ್ಜೆಯ ಕಸಿಯಿಂದ ಬಂತು. ರಕ್ತದ ಕಾಯಿಲೆಯೊಂದಕ್ಕಾಗಿ ಟೈಪ್ ಒನ್ ಮಧುಮೇಹವಿದ್ದ ಒಡಹುಟ್ಟಿದವರಿಂದ ಮಜ್ಜೆ ಪಡೆದವರಲ್ಲಿ ಆಮೇಲೆ ಮಧುಮೇಹ ಕಾಣಿಸಿಕೊಂಡ ವರದಿ 1993ರಲ್ಲಿ ಪ್ರಕಟವಾಯಿತು. ಬಿಳಿ ರಕ್ತಕಣಗಳ ಜತೆಯಲ್ಲಿ ಕಾಯಿಲೆಯೂ ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿತ್ತು. ಮೂರನೆಯದು 2001ರ ವರದಿ. ಹುಟ್ಟಿನಿಂದಲೇ ಬಿ ಕೋಶಗಳಿಲ್ಲದ, ಆದ್ದರಿಂದ ತನ್ನದೇ ಪ್ರತಿಕಾಯ ತಯಾರಿಸಲಾರದ ಒಬ್ಬ ಹುಡುಗನಿಗೆ ಹದಿನಾಲ್ಕರ ವಯಸ್ಸಿನಲ್ಲಿ ಟೈಪ್ ಒನ್ ಬಂತು. ಪ್ರತಿಕಾಯವೇ ಇಲ್ಲದೆ ಕಾಯಿಲೆ ಬರುವುದಾದರೆ ಪ್ರತಿಕಾಯವನ್ನು ಕೊಲೆಗಾರ ಎನ್ನುವಂತಿಲ್ಲ. ಹಾಗೆಂದು ಬಿ ಕೋಶಗಳು ಪೂರ್ತಿ ನಿರಪರಾಧಿಗಳೂ ಅಲ್ಲ. ಏಳು ವರ್ಷದೊಳಗಿನ ಮಕ್ಕಳ ಕಿರುದ್ವೀಪಗಳಲ್ಲಿ ಟಿ ಕೋಶಗಳ ಜತೆಗೆ ಬಿ ಕೋಶಗಳೂ ಹೇರಳವಾಗಿರುತ್ತವೆ, ಹದಿಹರೆಯದಲ್ಲಿ ಶುರುವಾದವರಲ್ಲಿ ಅವು ವಿರಳ ಎಂದು ಇಂಗ್ಲೆಂಡಿನ ಎಕ್ಸಿಟರ್‌ನ ನೋಯೆಲ್ ಮಾರ್ಗನ್, ಸಾರಾ ರಿಚರ್ಡ್‌ಸನ್ ತಂಡ ತೋರಿಸಿದೆ. ಚಿಕ್ಕ ಮಕ್ಕಳಲ್ಲಿ ಬೀಟಾ ಕೋಶಗಳು ಬಲುಬೇಗ ನಾಶವಾಗುತ್ತವೆ. ಬಿ ಕೋಶಗಳು ಪ್ರೋಟೀನಿನ ಚೂರುಗಳನ್ನು ಟಿ ಕೋಶಗಳಿಗೆ ತೋರಿಸಿ ಅವನ್ನು ಕೆರಳಿಸಬಲ್ಲವು ಎಂಬುದನ್ನು ಇದರ ಜತೆ ಓದಿಕೊಳ್ಳಬೇಕು.

ಟಿ ಕೋಶ ತನ್ನ ಗುರಿಯನ್ನು ಗುರುತಿಸುವ ಬಗೆಯನ್ನು ಈಗ ಹೇಳಬೇಕು. ಮೈಯ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುವಿನಲ್ಲಿಟ್ಟು ಹೊರಮೈಗೆ ತಂದು ಹಿಡಿಯುತ್ತವೆ. ಮಂಡಿಯಲ್ಲಿ ವ್ಯಾಪಾರಿ ಮೂಟೆಗೆ ಬಾಕು ಹಾಕಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ತೋರಿಸುವ ಹಾಗೆ, ಒಳಗೇನಿದೆ ಎಂಬುದಕ್ಕೆ ಅದು ಮಾದರಿ. ಸಿಡಿ8 ಟಿ ಕೋಶ ಅದನ್ನು ಮುಟ್ಟಿ ನೋಡುತ್ತದೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತದೆ. ಪರ್ಫೊರಿನ್ ಎಂಬ ಪ್ರೋಟೀನು ಹೊರಪೊರೆಯಲ್ಲಿ ತೂತು ಮಾಡುತ್ತದೆ, ಗ್ರಾನ್‌ಜೈಮ್ ಎಂಬ ಕಿಣ್ವಗಳು ಒಳಹೊಕ್ಕು ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತವೆ. ನಮಗೆ ನೆಗಡಿ ವಾಸಿಯಾಗುವುದರಲ್ಲಿ ಇಂಥ ಕೆಲಸದ ಪಾಲೂ ಇದೆ. ಟೈಪ್ ಒನ್‌ನಲ್ಲಿ ಅದೇ ಕೈಚಳಕ, ಆದರೆ ಚೂರು ವೈರಸ್ಸಿನದಲ್ಲ, ಇನ್ಸುಲಿನ್‌ನದು ಅಥವಾ ಬೀಟಾ ಕೋಶದ ಇನ್ನಾವುದೋ ಪ್ರೋಟೀನಿನದು. 2012ರಲ್ಲಿ ಕ್ಯಾಲಿಫೋರ್ನಿಯದ ಲಾ ಹೋಯಾದ ತಂಡವೊಂದು ದಾನವಾಗಿ ಬಂದ ಗ್ರಂಥಿಗಳ ಕಿರುದ್ವೀಪಗಳ ಒಳಗೇ ಇಂಥ ಚೂರುಗಳನ್ನು ಗುರುತಿಸಬಲ್ಲ ಸಿಡಿ8 ಕೋಶಗಳಿರುವುದನ್ನು ನೇರವಾಗಿ ತೋರಿಸಿತು. ಸಿಡಿ4 ಎಂಬ ಮತ್ತೊಂದು ಬಗೆಯ ಟಿ ಕೋಶ ತಾನೇ ಮುಂದಾಗಿ ಕೊಲ್ಲುವುದು ಕಡಿಮೆ. ಮೇದೋಜೀರಕದ ಪಕ್ಕದ ದುಗ್ಧಗ್ರಂಥಿಯಲ್ಲಿ ಡೆಂಡ್ರೈಟಿಕ್ ಕೋಶಗಳು ತಂದು ತೋರಿಸಿದ ಚೂರನ್ನು ಕಂಡು ಕೆರಳಿ, ಸಿಡಿ8 ಕೋಶಗಳನ್ನೂ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳನ್ನೂ ಬಿ ಕೋಶಗಳನ್ನೂ ಅದು ಎಬ್ಬಿಸುತ್ತದೆ. ಅದಿಲ್ಲದೆ ಈ ಕೆಲಸ ಮುಂದುವರಿಯುವುದೇ ಇಲ್ಲ.

ಪ್ರತಿಯೊಬ್ಬರಲ್ಲೂ ಟಿ ಕೋಶಗಳಿವೆ, ಇನ್ಸುಲಿನ್ ಇದೆ. ಎಲ್ಲರಿಗೂ ಟೈಪ್ ಒನ್ ಏಕೆ ಬರುವುದಿಲ್ಲ? ಈ ಪ್ರಶ್ನೆಯ ಸುತ್ತ ಬೆಳೆದ ತಿಳಿವಳಿಕೆ ನನಗೆ ಇಡೀ ಜೀವವಿಜ್ಞಾನದಲ್ಲೇ ಅತ್ಯಂತ ಸೊಗಸಾದ ಭಾಗ.

ಟಿ ಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಅಲ್ಲಿ ಒಂದೊಂದು ಕೋಶವೂ ತನ್ನ ಗ್ರಾಹಕವನ್ನು ಗೊತ್ತುಗುರಿಯಿಲ್ಲದೆ ಜೋಡಿಸಿಕೊಳ್ಳುತ್ತದೆ. ಹೀಗಾಗಿ ಇನ್ನೂ ಹುಟ್ಟದ ವೈರಸ್ಸನ್ನೂ ಗುರುತಿಸಬಲ್ಲ ಟಿ ಕೋಶ ನಮ್ಮಲ್ಲಿರುತ್ತದೆ, ನಮ್ಮದೇ ಇನ್ಸುಲಿನ್ ಅನ್ನು ಗುರಿಯಾಗಿಸುವ ಟಿ ಕೋಶವೂ ಇರುತ್ತದೆ. ಎರಡನೆಯದನ್ನು ಥೈಮಸ್ ಹುಡುಕಿ ತೆಗೆಯಬೇಕು. ತೆಗೆಯಲು ಇನ್ಸುಲಿನ್ ಅಲ್ಲೇ ಕೈಗೆ ಸಿಗಬೇಕು. ಮೇದೋಜೀರಕದಲ್ಲಿ ತಯಾರಾಗುವ ಪ್ರೋಟೀನು ಎದೆಯ ಗ್ರಂಥಿಗೆ ಹೇಗೆ ಬಂತು? ಥೈಮಸ್‌ನ ಕೆಲವು ಕೋಶಗಳು ಏರ್ ಎಂಬ ಜೀನಿನ ನೆರವಿನಿಂದ ಮೈಯ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ಚೂರುಚೂರೇ ತಾವೇ ತಯಾರಿಸಿ ತೋರಿಸುತ್ತವೆ. ಆ ಜೀನು ಕೆಟ್ಟವರಲ್ಲಿ ಹಲವು ಅಂತಃಸ್ರಾವ ಗ್ರಂಥಿಗಳು ಒಟ್ಟಿಗೆ ದಾಳಿಗೆ ಸಿಕ್ಕುತ್ತವೆ. ಇನ್ಸುಲಿನ್ ಜೀನಿನ ಪಕ್ಕದಲ್ಲೇ ಪದೇ ಪದೇ ಮರುಕಳಿಸುವ ಒಂದು ತುಂಡು ಡಿಎನ್ಎ ಇದೆ. ಅದು ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಉದ್ದವಿದ್ದವರ ಥೈಮಸ್‌ನಲ್ಲಿ ಇನ್ಸುಲಿನ್ ಸ್ವಲ್ಪ ಹೆಚ್ಚು ತಯಾರಾಗುತ್ತದೆ, ಅವರಿಗೆ ಟೈಪ್ ಒನ್ ಬರುವ ಸಂಭವ ಕಡಿಮೆ. 1997ರಲ್ಲಿ ಗೊತ್ತಾದ ಸಂಗತಿ ಇದು. ಸಕ್ಕರೆಗೆ ಸಂಬಂಧವೇ ಇಲ್ಲದ ಒಂದು ಗ್ರಂಥಿಯಲ್ಲಿ ಇನ್ಸುಲಿನ್ ಒಂದಿಷ್ಟು ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದರ ಮೇಲೆ ಮಗುವಿನ ಮುಂದಿನ ಬದುಕಿನ ಒಂದು ಪಾಲು ನಿಂತಿದೆ.

ಇನ್ನೊಂದು ಪಾಲು ಎಚ್‌ಎಲ್‌ಎ ಜೀನುಗಳದು. ಆನುವಂಶಿಕ ಅಪಾಯದ ಸುಮಾರು ಅರ್ಧ ಭಾಗ ಇಲ್ಲಿಂದಲೇ ಬರುತ್ತದೆ. 1987ರಲ್ಲಿ ಜಾನ್ ಟಾಡ್, ಜಾನ್ ಬೆಲ್ ಮತ್ತು ಹ್ಯೂ ಮೆಕ್‌ಡೆವಿಟ್ ಒಂದು ವಿಶೇಷವನ್ನು ಗಮನಿಸಿದರು. ಎಚ್‌ಎಲ್‌ಎ-ಡಿಕ್ಯು ಅಣುವಿನ ಬೀಟಾ ಸರಪಳಿಯ 57ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದವರಿಗೆ ರಕ್ಷಣೆ ಹೆಚ್ಚು, ಅಲ್ಲಿ ಬೇರೆ ಅಮೈನೊ ಆಮ್ಲ ಇದ್ದವರಿಗೆ ಅಪಾಯ ಹೆಚ್ಚು. ಜಪಾನಿನ ಶಿಯೊನೊಗಿ ಪ್ರಯೋಗಾಲಯದಲ್ಲಿ ಬೆಳೆಸಿದ, 1980ರಲ್ಲಿ ವರದಿಯಾದ ನಾಡ್ ಎಂಬ ತಳಿಯ ಇಲಿಗೆ ತಾನಾಗಿಯೇ ಇಂಥದೇ ಮಧುಮೇಹ ಬರುತ್ತದೆ. ಆ ಇಲಿಯ ಅಣುವಿನಲ್ಲೂ ಅದೇ ಜಾಗದಲ್ಲಿ ಅದೇ ಕೊರತೆ. ಮನುಷ್ಯನಿಗೂ ಇಲಿಗೂ ಒಂದೇ ಒಂದು ಸ್ಥಾನದಲ್ಲಿ ಒಂದೇ ದೋಷ! ಇದೇ ಇಲಿಯಲ್ಲಿ 2005ರಲ್ಲಿ ಮಾಕಿ ನಾಕಾಯಾಮ, ಜಾರ್ಜ್ ಐಸೆನ್‌ಬಾರ್ತ್ ಮತ್ತು ಸಂಗಡಿಗರು ಇನ್ಸುಲಿನ್‌ನ ಬಿ ಸರಪಳಿಯ 16ನೇ ಅಮೈನೊ ಆಮ್ಲವೊಂದನ್ನು ಮಾತ್ರ ಬದಲಿಸಿದರು. ಆ ಇನ್ಸುಲಿನ್ ಸಕ್ಕರೆಯನ್ನು ಎಂದಿನಂತೆ ನಿಯಂತ್ರಿಸಿತು, ಆದರೆ ಟಿ ಕೋಶಗಳಿಗೆ ಅದು ಕಾಣಲಿಲ್ಲ. ಇಲಿಗಳಿಗೆ ಮಧುಮೇಹ ಬರಲಿಲ್ಲ.

ಥೈಮಸ್ ಎಷ್ಟೇ ಎಚ್ಚರವಾಗಿದ್ದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಬೀಟಾ ಕೋಶವನ್ನು ಗುರುತಿಸಬಲ್ಲ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಸಿಗುತ್ತವೆ. ಅವನ್ನು ಸುಮ್ಮನಿರಿಸುವುದು ನಿಯಂತ್ರಕ ಟಿ ಕೋಶಗಳೆಂಬ ಇನ್ನೊಂದು ಗುಂಪು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದಾಗ ಹೆಚ್ಚಿನವರು ನಂಬಿರಲಿಲ್ಲ. 2001ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದರು. ಅದಿಲ್ಲದೆ ಈ ನಿಯಂತ್ರಕ ಕೋಶಗಳು ರೂಪುಗೊಳ್ಳುವುದಿಲ್ಲ ಎಂದು ಆಮೇಲೆ ತಿಳಿಯಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು. ಫಾಕ್ಸ್‌ಪಿ3 ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಮೊದಲ ವಾರಗಳಲ್ಲೇ ಟೈಪ್ ಒನ್ ಬರಬಹುದು. ಇಷ್ಟು ಎಳೆಯ ಕೂಸಿಗೆ ಯಾರು ಯಾವ ಸಿಹಿ ತಿನ್ನಿಸಿದ್ದರು? ಹಾಗೆಯೇ ಕ್ಯಾನ್ಸರ್‌ಗೆ ಟಿ ಕೋಶಗಳ ಕಡಿವಾಣ ಸಡಿಲಿಸುವ ಪಿಡಿ-1 ಪ್ರತಿಬಂಧಕ ಔಷಧಗಳನ್ನು ಪಡೆದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, ಕೆಲವೊಮ್ಮೆ ಕೆಲವೇ ವಾರಗಳಲ್ಲಿ, ಇಂಥದೇ ಮಧುಮೇಹ ಬರುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಯ ಬೀಟಾ ಕೋಶಗಳು ಕ್ಷೇಮವಾಗಿರುವುದು ಈ ಕಡಿವಾಣ ಬಿಗಿಯಾಗಿರುವುದರಿಂದ.

ಬೀಟಾ ಕೋಶವೂ ಈ ಕಥೆಯಲ್ಲಿ ಸುಮ್ಮನೆ ಸಾಯುವ ಪಾತ್ರವಲ್ಲ. ಕಾಯಿಲೆಯ ಹಾದಿಯಲ್ಲಿರುವ ಕಿರುದ್ವೀಪಗಳಲ್ಲಿ ಅದು ಎಚ್‌ಎಲ್‌ಎ ಅಣುಗಳನ್ನು ಮಾಮೂಲಿಗಿಂತ ಬಹಳ ಹೆಚ್ಚಾಗಿ ಹೊರಮೈಗೆ ತರುತ್ತದೆ ಎಂಬುದನ್ನು ಗ್ಲಾಸ್ಗೊದ ಅಲನ್ ಫೌಲಿಸ್ 1980ರ ದಶಕದಲ್ಲೇ ವಿವರಿಸಿದ್ದರು. ಲಂಡನ್ನಿನ ಮಾರ್ಕ್ ಪೀಕ್‌ಮನ್ ತಂಡ 2008ರಲ್ಲಿ ಇನ್ನೊಂದನ್ನು ತೋರಿಸಿತು. ಸಕ್ಕರೆ ಏರಿದಾಗ ಬೀಟಾ ಕೋಶ ಹೆಚ್ಚು ಇನ್ಸುಲಿನ್ ತಯಾರಿಸಲು ಹೆಣಗುತ್ತದೆ, ಹೆಣಗಿದಷ್ಟೂ ಇನ್ಸುಲಿನ್‌ನ ಮೂಲರೂಪದ ಚೂರುಗಳನ್ನು ಹೆಚ್ಚು ಹೆಚ್ಚು ತೋರಿಸುತ್ತದೆ, ಸಿಡಿ8 ಕೋಶಗಳು ಅದನ್ನು ಅಷ್ಟೇ ಬೇಗ ಕೊಲ್ಲುತ್ತವೆ. ಮೊದಲು ಬೀಟಾ ಕೋಶವನ್ನು ಕೆಣಕಿದ್ದು ಯಾವುದು? ಕಾಕ್ಸಾಕಿ ಬಿ ಗುಂಪಿನ ವೈರಸ್ಸುಗಳ ಮೇಲೆ ಅನುಮಾನ ಹಳೆಯದು, ಪುರಾವೆಯೂ ಬೆಳೆಯುತ್ತಿದೆ. ಬರೀ ಜೀನಿನಿಂದ ಎಲ್ಲವನ್ನೂ ವಿವರಿಸಲಾಗದು ಎಂಬುದಕ್ಕೆ ತದ್ರೂಪಿ ಅವಳಿಗಳೇ ಸಾಕ್ಷಿ. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬಂದೇ ತೀರುತ್ತದೆ ಎಂದೇನೂ ಇಲ್ಲ.

ಇದೆಲ್ಲ ಎಷ್ಟು ಕಾಲ ನಡೆಯುತ್ತದೆ? ಹೊಸದಾಗಿ ಮಧುಮೇಹ ಬಂದ ಮಗುವಿನ ತಂದೆ, ಹೋದ ತಿಂಗಳು ಚೆನ್ನಾಗಿಯೇ ಇದ್ದ ಡಾಕ್ಟ್ರೇ ಅನ್ನುತ್ತಾರೆ. ಹೋದ ತಿಂಗಳು ಆ ಮಗುವಿನ ಬೀಟಾ ಕೋಶಗಳಲ್ಲಿ ಬಹುಪಾಲು ಆಗಲೇ ಹೋಗಿದ್ದವು. ಐಸೆನ್‌ಬಾರ್ತ್ 1986ರಲ್ಲೇ ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಕಾಯಿಲೆಯೆಂದು ಬರೆದಿದ್ದರು. ಪ್ರತಿಕಾಯಗಳು ಹಲವು ಮಕ್ಕಳಲ್ಲಿ ಒಂದೆರಡು ವರ್ಷದ ವಯಸ್ಸಿಗೇ ಕಾಣಿಸಿಕೊಳ್ಳುತ್ತವೆ. ಮೂರು ದೇಶಗಳ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಅಥವಾ ಹೆಚ್ಚು ಪ್ರತಿಕಾಯಗಳಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಹತ್ತು ವರ್ಷದೊಳಗೆ ಮಧುಮೇಹ ಬಂದಿತ್ತು. ಆದ್ದರಿಂದ 2015ರಿಂದ ಕಾಯಿಲೆಯನ್ನು ಹಂತಗಳಾಗಿ ಎಣಿಸುತ್ತಾರೆ. ಎರಡು ಪ್ರತಿಕಾಯಗಳಿದ್ದು ಸಕ್ಕರೆ ಸರಿಯಾಗಿದ್ದರೆ ಮೊದಲ ಹಂತ, ಸಕ್ಕರೆ ಏರುಪೇರಾಗತೊಡಗಿದರೆ ಎರಡನೆಯದು. ನಮ್ಮ ಆಸ್ಪತ್ರೆಗಳಿಗೆ ಮಕ್ಕಳು ಬರುವುದು ಕಾಯಿಲೆ ಬಯಲಾದ ಮೂರನೆಯದರಲ್ಲಿ.

ಅದೂ ಹಲವೊಮ್ಮೆ ಎಚ್ಚರ ತಪ್ಪಿದ ಸ್ಥಿತಿಯಲ್ಲಿ. ಇನ್ಸುಲಿನ್ ಇಲ್ಲದ ಮೈ ಕೊಬ್ಬನ್ನು ಸುಟ್ಟು ರಕ್ತ ಆಮ್ಲೀಯವಾಗುತ್ತದೆ, ವಾಂತಿ, ಹೊಟ್ಟೆನೋವು, ಏದುಸಿರು. ಎಷ್ಟೋ ಕಡೆ ಅದನ್ನು ಅಜೀರ್ಣವೆಂದೋ ನ್ಯುಮೋನಿಯವೆಂದೋ ತಿಳಿದು ಅಮೂಲ್ಯವಾದ ದಿನ ಕಳೆದುಹೋಗುತ್ತದೆ. ಇಲ್ಲಿ ಶಿಕ್ಷಕರು ಬಹಳ ಮಂದಿ ಇದ್ದೀರಿ, ಆದ್ದರಿಂದ ವಿಷಯ ಬಿಟ್ಟು ಒಂದು ಮಾತು. ತರಗತಿಯಲ್ಲಿ ಮಗು ಪದೇ ಪದೇ ನೀರು ಕುಡಿದು ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಸೊರಗುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆಯೆಂದು ತಾಯಿ ಹೇಳಿದರೆ, ಅವತ್ತೇ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿಸಿ. ಹಾಗಲಕಾಯಿ ರಸ ಕುಡಿಸಿ ಇನ್ಸುಲಿನ್ ನಿಲ್ಲಿಸಿ ಎನ್ನುವವರ ಮಾತು ಕೇಳಿದರೆ ಈ ಮಕ್ಕಳು ಕೆಲವೇ ದಿನಗಳಲ್ಲಿ ಸಾಯುತ್ತಾರೆ. ಇದನ್ನು ಮೆದುವಾಗಿ ಹೇಳಲು ನನಗೆ ಬರುವುದಿಲ್ಲ.

ಮಕ್ಕಳು ಈ ಸ್ಥಿತಿಗೆ ಬರುವ ಮೊದಲೇ ಕಾಯಿಲೆಯನ್ನು ಹಿಡಿಯಲು ಜರ್ಮನಿಯ ಬವೇರಿಯದಲ್ಲಿ 2015ರಿಂದ ಪುಟ್ಟ ಮಕ್ಕಳ ಪ್ರತಿಕಾಯ ಪರೀಕ್ಷೆ ನಡೆಸುತ್ತಿದ್ದಾರೆ. ಮೊದಲ ತೊಂಬತ್ತು ಸಾವಿರ ಚಿಲ್ಲರೆ ಮಕ್ಕಳಲ್ಲಿ 280 ಮಂದಿ ಕಾಯಿಲೆಯ ಆರಂಭದ ಹಂತದಲ್ಲಿ ಸಿಕ್ಕರು. ಅವರಲ್ಲಿ ಮುಂದೆ ಮಧುಮೇಹ ಬಂದವರ ಪೈಕಿ ಎಚ್ಚರ ತಪ್ಪುವ ಹಾದಿ ಹಿಡಿದವರು ತೀರಾ ಕಡಿಮೆ. ಇಟಲಿ 2023ರಲ್ಲಿ ಇಂಥ ಪರೀಕ್ಷೆಗೆ ಕಾನೂನನ್ನೇ ತಂದಿತು. ನಮ್ಮಲ್ಲಿ ಎಲ್ಲ ಮಕ್ಕಳಿಗೂ ಮಾಡಬೇಕೆಂದು ನಾನು ಈಗಲೇ ಹೇಳಲಾರೆ. ಆದರೆ ಈಗಾಗಲೇ ಒಂದು ಮಗುವಿಗೆ ಟೈಪ್ ಒನ್ ಇರುವ ಮನೆಯಲ್ಲಿ ಅದರ ತಮ್ಮ ತಂಗಿಯರಿಗೆ ಈ ಪರೀಕ್ಷೆಯನ್ನು ಕೇಳುವ ಹಕ್ಕು ಆ ಅಪ್ಪ ಅಮ್ಮನಿಗಿದೆ. ವೈದ್ಯರು ತಾವಾಗಿಯೇ ಅದನ್ನು ಹೇಳಬೇಕು.

ಟಿ ಕೋಶವನ್ನು ತಡೆದರೆ ಕಾಯಿಲೆಯನ್ನು ತಡೆಯಬಹುದೇ? 1980ರ ದಶಕದಲ್ಲಿ ಫ್ರಾನ್ಸಿನಲ್ಲಿ, ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೊಸ್ಪೊರಿನ್ ಔಷಧವನ್ನು ಹೊಸ ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವರಿಗೆ ಇನ್ಸುಲಿನ್ ಬೇಡವಾಯಿತು. ಔಷಧ ನಿಲ್ಲಿಸಿದಾಗ ಕಾಯಿಲೆ ಮರಳಿತು, ನಿಲ್ಲಿಸದಿದ್ದರೆ ಕಿಡ್ನಿಗೆ ಅಪಾಯ. ಚಿಕಿತ್ಸೆಯಾಗಿ ಅದು ಸೋತರೂ ಟಿ ಕೋಶದ ಪಾತ್ರವನ್ನು ಮನುಷ್ಯರಲ್ಲಿ ಮತ್ತೊಮ್ಮೆ ಸಾಬೀತು ಮಾಡಿತು. 1994ರಲ್ಲಿ ಪ್ಯಾರಿಸಿನ ಲೂಸಿಯೆನ್ ಶಾತೆನೂ ಮತ್ತು ಝಾಂ-ಫ್ರಾಂಸ್ವಾ ಬಾಕ್ ತಂಡ, ಟಿ ಕೋಶದ ಸಿಡಿ3 ಎಂಬ ಅಣುವಿಗೆ ಅಂಟುವ ಪ್ರತಿಕಾಯವನ್ನು ಮಧುಮೇಹ ಬಂದುಬಿಟ್ಟ ನಾಡ್ ಇಲಿಗಳಿಗೆ ಕೆಲವೇ ದಿನ ಕೊಟ್ಟಿತು. ಇಲಿಗಳಲ್ಲಿ ಹಲವು ಚೇತರಿಸಿಕೊಂಡವು, ಔಷಧ ನಿಂತ ಮೇಲೂ ಚೇತರಿಕೆ ಉಳಿಯಿತು.

ಮನುಷ್ಯರಿಗೆ ತಕ್ಕಂತೆ ಮಾರ್ಪಡಿಸಿದ ಅದೇ ಬಗೆಯ ಪ್ರತಿಕಾಯ ಟೆಪ್ಲಿಜುಮ್ಯಾಬ್. ಕೆವಾನ್ ಹೆರಾಲ್ಡ್ ಮುಂದಾಳಾಗಿದ್ದ ಪ್ರಯೋಗದಲ್ಲಿ, ರೋಗಿಗಳ ಬಂಧುಗಳಾದ ಎರಡನೇ ಹಂತದ 76 ಮಂದಿಯಲ್ಲಿ 44 ಜನಕ್ಕೆ ಇದನ್ನು ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟರು. ಉಳಿದವರಿಗೆ ಹುಸಿ ಔಷಧ. 2019ರಲ್ಲಿ ಫಲಿತಾಂಶ ಬಂತು. ಹುಸಿ ಔಷಧದವರಲ್ಲಿ ಅರ್ಧದಷ್ಟು ಜನಕ್ಕೆ ಸುಮಾರು ಎರಡು ವರ್ಷದಲ್ಲಿ ಮಧುಮೇಹ ಬಂದಿತ್ತು, ಔಷಧ ಪಡೆದವರಲ್ಲಿ ಅದಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. 2022ರ ನವೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಟೈಪ್ ಒನ್ ಬರುವುದನ್ನು ಮುಂದೂಡುವ ಮೊದಲ ಔಷಧ. ಎರಡು ವರ್ಷ ತಾನೇ ಎಂದು ಕೆಲವರು ಹೇಳುತ್ತಾರೆ. ಎಂಟು ವರ್ಷದ ಮಗುವಿಗೆ ಎರಡು ವರ್ಷ ಚುಚ್ಚುಮದ್ದಿಲ್ಲದೆ, ನಡುರಾತ್ರಿ ಸಕ್ಕರೆ ಇಳಿದೀತೆಂಬ ಭಯವಿಲ್ಲದೆ ಕಳೆಯುವುದು ಎಂದರೇನೆಂದು ಆ ಮಗುವಿನ ತಾಯಿಯನ್ನು ಕೇಳಬೇಕು. ನನ್ನ ತಕರಾರು ಬೆಲೆಯದು. ಈ ಔಷಧ ಮಾರುಕಟ್ಟೆಗೆ ಬಂದಾಗ ಒಂದು ಚಿಕಿತ್ಸೆಗೆ ಇಟ್ಟ ಬೆಲೆ 1,93,900 ಡಾಲರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಇನ್ಸುಲಿನ್‌ಗೂ ಗ್ಲೂಕೋಮೀಟರಿನ ಪಟ್ಟಿಗೂ ಪರದಾಡುವ ಮನೆಗಳಿರುವ ನಾಡಿನಲ್ಲಿ ಈ ವಿಜ್ಞಾನ ಯಾರಿಗೆ ತಲುಪುತ್ತದೆ ಎಂದು ಕೇಳುವುದು ವಿಜ್ಞಾನಿಯ ಕೆಲಸವೂ ಹೌದು. ಮೆಲ್ಬರ್ನ್‌ನ ತಂಡವೊಂದು 2023ರಲ್ಲಿ, ಸಂಧಿವಾತಕ್ಕೆ ಬಳಸುವ ಬ್ಯಾರಿಸಿಟಿನಿಬ್ ಮಾತ್ರೆ ಹೊಸ ರೋಗಿಗಳಲ್ಲಿ ಉಳಿದ ಬೀಟಾ ಕೋಶಗಳನ್ನು ಕಾಪಾಡುವುದನ್ನು ತೋರಿಸಿತು. ಬಾಯಿಗೆ ಹಾಕಿಕೊಳ್ಳುವ ಮಾತ್ರೆ ಎಂಬ ಕಾರಣಕ್ಕೇ ನನಗೆ ಆ ದಾರಿಯಲ್ಲಿ ಹೆಚ್ಚು ಆಸೆ.

ಬೀಟಾ ಕೋಶಗಳೆಲ್ಲ ಮುಗಿದವರಿಗೆ ಹೊಸದಾಗಿ ಕೊಡಬೇಕು. ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಕಿರುದ್ವೀಪಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರೆಂದು 2025ರಲ್ಲಿ ಪ್ರಕಟವಾಯಿತು. ಅವರೆಲ್ಲ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನು ಮುಂದುವರಿಸಬೇಕು. ಮಿನೆಸೋಟದ ಅವಳಿಗಳಲ್ಲಿ ಕಂಡ ಟಿ ಕೋಶಗಳು ಇವರ ಮೈಯಲ್ಲೂ ಇವೆಯಲ್ಲ. ಅದೇ ವರ್ಷ ಸ್ವೀಡನ್ನಿನ ಉಪ್ಸಲಾದಿಂದ ಇನ್ನೊಂದು ವರದಿ ಬಂತು. ದಾನಿಯ ಕಿರುದ್ವೀಪದ ಕೋಶಗಳಲ್ಲಿ ಎಚ್‌ಎಲ್‌ಎಯನ್ನು ಹೊರಮೈಗೆ ತರುವ ಜೀನುಗಳನ್ನು ಕತ್ತರಿಸಿ, ಸಿಡಿ47 ಎಂಬ ಅಣುವನ್ನು ಹೆಚ್ಚಿಸಿ, ಒಬ್ಬ ರೋಗಿಯ ಮುಂಗೈ ಸ್ನಾಯುವಿನಲ್ಲಿ ಇಟ್ಟರು. ಯಾವ ಔಷಧವನ್ನೂ ಕೊಡಲಿಲ್ಲ. ತಿದ್ದುಪಡಿ ಪೂರ್ತಿಯಾಗದೆ ಜತೆಯಲ್ಲಿ ಸೇರಿಕೊಂಡಿದ್ದ ಕೋಶಗಳನ್ನು ಆತನ ಬಿಳಿ ರಕ್ತಕಣಗಳು ಹುಡುಕಿ ಕೊಂದವು. ಪೂರ್ತಿ ತಿದ್ದಿದ ಕೋಶಗಳು ಉಳಿದವು, ಸ್ವಲ್ಪ ಇನ್ಸುಲಿನ್ ಸ್ರವಿಸಿದವು. ಆ ಪ್ರಮಾಣ ಆತನ ಚುಚ್ಚುಮದ್ದು ನಿಲ್ಲಿಸಲು ಸಾಲದು, ಹೆಚ್ಚು ಕೋಶಗಳನ್ನಿಟ್ಟು ನೋಡುವುದು ಮುಂದಿನ ಕೆಲಸ.